ಪೈಥಾನ್ ಪ್ಯಾಕೇಜ್ ಅಪ್‌ಡೇಟ್: ಪಿಪ್, ಪೊಯೆಟ್ರಿ, ಯುವಿ, ಕೊಂಡಾ – ಯಾರಿಗೆ ಯಾವುದು?

2023ರ ಬೇಸಿಗೆಯ ಒಂದು ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪೈಥಾನ್ ಪ್ಯಾಕೇಜುಗಳನ್ನೆಲ್ಲ ಒಂದೇ ಏಟಿಗೆ ಅಪ್‌ಡೇಟ್ ಮಾಡಿದೆ. ನಿಜಕ್ಕೂ ಬೇಕಿದ್ದದ್ದು ಗ್ರಾಫ್ ಬರೆಯುವ ಒಂದು ಲೈಬ್ರರಿಯ ಹೊಸ ಆವೃತ್ತಿ ಮಾತ್ರ. ಹೇಗೂ ಕೂತಿದ್ದೇನೆ, ಹಳೆಯದನ್ನೆಲ್ಲ ಹೊಸದು ಮಾಡಿಬಿಡೋಣ ಅನ್ನಿಸಿತು. ಮರುದಿನ ಬೆಳಿಗ್ಗೆ, ದಿನಾ ಎಂಟು ಗಂಟೆಗೆ ತಾನಾಗಿ ಎದ್ದು ಎಕ್ಸೆಲ್ ಹಾಳೆಗಳನ್ನು ಒಟ್ಟುಗೂಡಿಸಿ ಕಳಿಸುತ್ತಿದ್ದ ಸ್ಕ್ರಿಪ್ಟ್ ಕೆಲಸ ಮಾಡಲಿಲ್ಲ. ಡೇಟಾಫ್ರೇಮ್‌ಗೆ (ಪಾಂಡಾಸ್ ಎಂಬ ಲೈಬ್ರರಿಯ ಕೋಷ್ಟಕ) ಸಾಲು ಸೇರಿಸುವ 'ಅಪೆಂಡ್' ಎಂಬುದೇ ಇಲ್ಲ ಎಂದು ಎರರ್ ಬಂದಿತ್ತು. ನಿನ್ನೆಯವರೆಗೆ ಇತ್ತಲ್ಲ!

ಆ ವರ್ಷದ ಏಪ್ರಿಲ್‌ನಲ್ಲಿ ಪಾಂಡಾಸ್ 2.0 ಬಂದಿತ್ತು, ಅದರಲ್ಲಿ ಅಪೆಂಡ್ ತೆಗೆದುಹಾಕಿದ್ದರು. ಅವರೇನೂ ಹೇಳದೆ ಕೇಳದೆ ತೆಗೆದಿರಲಿಲ್ಲ. 1.4ನೇ ಆವೃತ್ತಿಯಿಂದಲೇ, ಅಂದರೆ ಒಂದು ವರ್ಷಕ್ಕೂ ಮೊದಲಿನಿಂದ, 'ಇದು ಮುಂದೆ ಇರುವುದಿಲ್ಲ' ಎಂಬ ಎಚ್ಚರಿಕೆ ಪ್ರತಿ ಸಲ ಬರುತ್ತಿತ್ತು. ಸ್ಕ್ರಿಪ್ಟ್ ಓಡುತ್ತಿತ್ತು, ಹಾಗಾಗಿ ನಾನು ಅದನ್ನು ಓದಲೇ ಇಲ್ಲ. ತಪ್ಪು ಪೂರ್ತಿ ನನ್ನದೇ.

ಸರಿ, ಹಳೆಯದಕ್ಕೆ ಮರಳೋಣ ಎಂದರೆ ಹಳೆಯದು ಯಾವುದು ಎಂದೇ ಗೊತ್ತಿರಲಿಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ. ಪುಣ್ಯಕ್ಕೆ ಹಿಂದಿನ ಸಂಜೆಯ ಟರ್ಮಿನಲ್ ಇನ್ನೂ ತೆರೆದೇ ಇತ್ತು. ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಉಪಕರಣ ಪಿಪ್, ಒಂದು ಪ್ಯಾಕೇಜನ್ನು ಬದಲಾಯಿಸುವಾಗ ಹಳೆಯದನ್ನು ತೆಗೆದ ಸಾಲನ್ನೂ ತೋರಿಸುತ್ತದೆ. ಮೇಲಕ್ಕೆ ಸರಿಸುತ್ತಾ ಹೋದೆ, 'ಸಕ್ಸಸ್‌ಫುಲಿ ಅನ್‌ಇನ್‌ಸ್ಟಾಲ್ಡ್ ಪಾಂಡಾಸ್-1.5.3' ಎಂದು ಸಿಕ್ಕಿತು. ಹಾಗೆ ಒಂದೊಂದೇ ಸಾಲು ನೋಡಿ ಪೆನ್ನು ಹಿಡಿದು ಕಾಗದದ ಮೇಲೆ ಬರೆದುಕೊಂಡು, ಒಂದೊಂದನ್ನೇ ಹಿಂದಕ್ಕೆ ಹಾಕಿದೆ. ಟರ್ಮಿನಲ್ ಮುಚ್ಚಿದ್ದರೆ ಅದೂ ಇಲ್ಲ.

ಅಂದಿನಿಂದ ಯಾವ ಉಪಕರಣ ಒಳ್ಳೆಯದು ಎಂದು ಯಾರು ಕೇಳಿದರೂ ನಾನು ಮೊದಲು ನೋಡುವುದು ಒಂದನ್ನೇ. ಕೆಟ್ಟರೆ ನಿನ್ನೆಯ ಸ್ಥಿತಿಗೆ ಎಷ್ಟು ಬೇಗ ಮರಳಬಹುದು? ವೇಗ, ಸೊಗಸು, ಜನಪ್ರಿಯತೆ ಎಲ್ಲ ಆಮೇಲೆ. ಈಗ ಬಳಕೆಯಲ್ಲಿರುವ ಐದು ದಾರಿಗಳನ್ನು ಅದೇ ಅಳತೆಗೋಲಿನಿಂದ ನೋಡೋಣ.

ಎಲ್ಲದಕ್ಕೂ ಮೊದಲು: ಸಿಸ್ಟಂ ಪೈಥಾನ್ ಮುಟ್ಟಬೇಡಿ

ಲಿನಕ್ಸ್ ಬಳಸುವವರಿಗೆ ಇದು ಮುಖ್ಯ. ನಿಮ್ಮ ಕಂಪ್ಯೂಟರಿನ ಜೊತೆಗೇ ಬಂದ ಪೈಥಾನ್ ಆ ಕಂಪ್ಯೂಟರಿನ ಕೆಲಸಕ್ಕೆ ಇರುವುದು. ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಪಿಪ್ ಓಡಿಸಿದರೆ ಸಿಸ್ಟಂನ ಉಪಕರಣಗಳೇ ಮುರಿಯಬಹುದು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಇದನ್ನು ತಡೆಯುತ್ತದೆ. ಪಿಪ್ ಓಡಿಸಿದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂದು ನಿಲ್ಲಿಸುತ್ತದೆ. ಇತ್ತೀಚಿನ ಉಬುಂಟು ಕೂಡ ಹಾಗೆಯೇ. ಆ ಎರರ್ ಕಂಡಾಗ ತುಂಬಾ ಜನ ಹುಡುಕಿ ತರುವ ಮದ್ದು 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಎಂಬ ಆಯ್ಕೆ. ಹೆಸರಲ್ಲೇ ಹೇಳಿದ್ದಾರಲ್ಲ, ಸಿಸ್ಟಂ ಪ್ಯಾಕೇಜ್ ಮುರಿಯುತ್ತದೆ ಅಂತ. ದಯವಿಟ್ಟು ಹಾಕಬೇಡಿ. ಪ್ರತಿ ಪ್ರಾಜೆಕ್ಟಿಗೂ ಒಂದು ಬೇರೆ ಎನ್ವಿರಾನ್‌ಮೆಂಟ್, ಅಂದರೆ ತನ್ನದೇ ಪ್ಯಾಕೇಜುಗಳಿರುವ ಪ್ರತ್ಯೇಕ ಜಾಗ, ಮಾಡಿಕೊಳ್ಳಿ. ನನ್ನ ಆ ಸಂಜೆಯ ಅನಾಹುತಕ್ಕೆ ಅರ್ಧ ಕಾರಣವೇ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎನ್ವಿರಾನ್‌ಮೆಂಟಿನಲ್ಲಿ ತುಂಬಿದ್ದು.

ಬರೀ ಪಿಪ್ ಮತ್ತು ವೆನ್ವ್

ಇಂಥ ಪ್ರತ್ಯೇಕ ಜಾಗ ಮಾಡಿಕೊಡುವ ವೆನ್ವ್ 2012ರಿಂದ, ಪೈಥಾನ್ 3.3ರಿಂದ, ಪೈಥಾನ್ ಜೊತೆಗೇ ಬರುತ್ತದೆ. ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಕಲಿಯುತ್ತಿರುವವರಿಗೆ, ಒಬ್ಬರೇ ಬಳಸುವ ಚಿಕ್ಕ ಸ್ಕ್ರಿಪ್ಟಿಗೆ ಇಷ್ಟು ಸಾಕು. ಆದರೆ ಎರಡು ವಿಷಯ ಗೊತ್ತಿರಬೇಕು.

ಒಂದು, ಪಿಪ್‌ಗೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ನೀವೇ ಮಾಡಿಕೊಳ್ಳಬೇಕು. ಅಪ್‌ಡೇಟ್‌ಗೆ ಕೈ ಹಾಕುವ ಮೊದಲು ಪಿಪ್ ಫ್ರೀಜ್ ಓಡಿಸಿ ಬಂದ ಆವೃತ್ತಿಗಳ ಪಟ್ಟಿಯನ್ನು ಒಂದು ಫೈಲಿಗೆ ಹಾಕಿ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಿ. ಹತ್ತು ಸೆಕೆಂಡಿನ ಕೆಲಸ. ಅವತ್ತು ಆ ಒಂದು ಫೈಲ್ ಇದ್ದಿದ್ದರೆ ನನಗೆ ಪೆನ್ನು ಕಾಗದ ಬೇಕಿರಲಿಲ್ಲ.

ಎರಡನೆಯದು ಹೆಚ್ಚು ಜನರಿಗೆ ಗೊತ್ತಿಲ್ಲ. ಪಿಪ್ 20.3ರಲ್ಲಿ, 2020ರ ಕೊನೆಯಲ್ಲಿ, ಯಾವ ಆವೃತ್ತಿ ಹಾಕಬೇಕೆಂದು ಲೆಕ್ಕ ಹಾಕುವ ಹೊಸ ರಿಸಾಲ್ವರ್ ಬಂತು. ನೀವು ಒಂದೇ ಆದೇಶದಲ್ಲಿ ಕೇಳಿದ ಪ್ಯಾಕೇಜುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅದು ಸರಿಯಾಗಿ ನೋಡುತ್ತದೆ. ಆದರೆ ಆಗಲೇ ಕೂತಿರುವ ಬೇರೆ ಪ್ಯಾಕೇಜುಗಳ ಬೇಡಿಕೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಂದದೇ ಹೋದರೆ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಎರಡು ಸಾಲು ಬರೆದು, ಕೆಲಸ ಮಾತ್ರ ಮುಗಿಸಿಯೇ ಬಿಡುತ್ತದೆ. 'ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್' ಎಂಬುದು ಕಂಡರೆ ನಾವು ಆ ಕೆಂಪು ಸಾಲನ್ನು ಮರೆತೇ ಬಿಡುತ್ತೇವೆ, ಅಲ್ವಾ? ಆದ್ದರಿಂದ ಪ್ರತಿ ಅಪ್‌ಡೇಟ್ ಆದ ಮೇಲೆ ಪಿಪ್ ಚೆಕ್ ಓಡಿಸಿ. ಹಾಕುವ ಮೊದಲೇ ಏನೇನು ಬದಲಾಗುತ್ತದೆ ಎಂದು ನೋಡಬೇಕಿದ್ದರೆ 22.2ನೇ ಆವೃತ್ತಿಯಿಂದ ಡ್ರೈ ರನ್ ಇದೆ. ಒಂದು ಪ್ಯಾಕೇಜ್ ಕೇಳಿದ್ದಕ್ಕೆ ಹದಿನೈದು ಬದಲಾಗುತ್ತವೆ ಎಂದು ಅದು ತೋರಿಸಿದರೆ ಅಲ್ಲೇ ನಿಂತು ಯೋಚಿಸಿ.

ಈ ದಾರಿಯ ದೊಡ್ಡ ಕೊರತೆ ಫ್ರೀಜ್ ಪಟ್ಟಿಯೇ. ಅದರಲ್ಲಿ ನಲವತ್ತು ಸಾಲು ಇರುತ್ತವೆ, ನೀವು ಕೇಳಿದ್ದು ಐದು. ಉಳಿದವು ಆ ಐದರ ಬೆನ್ನ ಹಿಂದೆ ಬಂದವು. ಯಾವುದು ಯಾರಿಂದ ಬಂತು ಎಂದು ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಪಿಪ್-ಟೂಲ್ಸ್: ಹಳೆಯ ಪ್ರಾಜೆಕ್ಟಿಗೆ ಸುಲಭದ ಮೆಟ್ಟಿಲು

ಆ ಕೊರತೆಗೆ ಸರಿಯಾದ ಮದ್ದು ಇದು. ನಿಮಗೆ ಬೇಕಾದ ಐದು ಹೆಸರುಗಳನ್ನು ಒಂದು ಫೈಲಿನಲ್ಲಿ ಬರೆಯುತ್ತೀರಿ. ಪಿಪ್-ಕಂಪೈಲ್ ಓಡಿಸಿದರೆ ಅದು ಎಲ್ಲವನ್ನೂ ಲೆಕ್ಕ ಹಾಕಿ ಇನ್ನೊಂದು ಫೈಲಿನಲ್ಲಿ ನಲವತ್ತು ಸಾಲು ಬರೆಯುತ್ತದೆ, ಪ್ರತಿಯೊಂದರ ಜೊತೆಗೂ ಅದು ಯಾರ ಮೂಲಕ ಬಂತು ಎಂಬ ಟಿಪ್ಪಣಿ ಇರುತ್ತದೆ. ಆಮೇಲೆ ಪಿಪ್-ಸಿಂಕ್ ಓಡಿಸಿದರೆ ಎನ್ವಿರಾನ್‌ಮೆಂಟ್ ಆ ಪಟ್ಟಿಯಂತೆಯೇ ಆಗುತ್ತದೆ. ಕಡಿಮೆ ಇದ್ದರೆ ಸೇರಿಸುತ್ತದೆ, ಜಾಸ್ತಿ ಇದ್ದರೆ ತೆಗೆದುಹಾಕುತ್ತದೆ.

ಈ ಎರಡು ಪಟ್ಟಿಗಳು ಯಾಕೆ ಬೇಕು ಎಂದು ತೋರಿಸುವ ಒಂದು ಸಂಗತಿ 2023ರ ಸೆಪ್ಟೆಂಬರ್ ಕೊನೆಯಲ್ಲಿ ನಡೆಯಿತು. ವೆಬ್ ಆ್ಯಪ್ ಬರೆಯುವವರು ಬಳಸುವ ಫ್ಲಾಸ್ಕ್, ಒಳಗೆ ವರ್ಕ್‌ಝೈಗ್ ಎಂಬ ಇನ್ನೊಂದು ಪ್ಯಾಕೇಜಿನ ಮೇಲೆ ನಿಂತಿದೆ. ಫ್ಲಾಸ್ಕ್ 2.2.2 ಹೇಳುತ್ತಿದ್ದದ್ದು 'ವರ್ಕ್‌ಝೈಗ್ 2.2.2 ಅಥವಾ ಅದಕ್ಕಿಂತ ಹೊಸದು' ಎಂದು. ಮೇಲಿನ ಮಿತಿ ಇರಲಿಲ್ಲ. ವರ್ಕ್‌ಝೈಗ್ 3.0 ಬಂದಾಗ ಅದರಿಂದ 'ಯುಆರ್‌ಎಲ್ ಕೋಟ್' ಎಂಬ ಫಂಕ್ಷನ್ ಹೋಗಿತ್ತು. ತಮ್ಮ ಫೈಲಿನಲ್ಲಿ ಫ್ಲಾಸ್ಕ್‌ನ ಆವೃತ್ತಿಯನ್ನು ಗಟ್ಟಿಯಾಗಿ ಬರೆದಿಟ್ಟವರು ತಾವು ಭದ್ರ ಎಂದುಕೊಂಡಿದ್ದರು. ಆದರೆ ಹೊಸ ಸರ್ವರಿನಲ್ಲಿ ಅದೇ ಫೈಲಿನಿಂದ ಇನ್‌ಸ್ಟಾಲ್ ಮಾಡಿದರೆ ಹಿಂಬಾಗಿಲಿನಿಂದ ವರ್ಕ್‌ಝೈಗ್ 3.0 ಒಳಗೆ ಬರುತ್ತಿತ್ತು, ಆ್ಯಪ್ ಶುರುವಾಗುವ ಮೊದಲೇ ಇಂಪೋರ್ಟ್ ಎರರ್ ಕೊಟ್ಟು ಬೀಳುತ್ತಿತ್ತು. ಕೋಡಿನಲ್ಲಿ ಒಂದಕ್ಷರವನ್ನೂ ಅವರು ಬದಲಿಸಿರಲಿಲ್ಲ. ನೀವು ಕೇಳಿದ ಪ್ಯಾಕೇಜಿಗೆ ಬೀಗ ಹಾಕಿದರೆ ಸಾಲದು, ಅದರ ಹಿಂದೆ ಬರುವ ಪ್ರತಿಯೊಂದಕ್ಕೂ ಹಾಕಬೇಕು. ಹೀಗೆ ಎಲ್ಲದರ ಆವೃತ್ತಿಯನ್ನೂ ಬರೆದಿಟ್ಟ ಪಟ್ಟಿಯೇ ಲಾಕ್ ಫೈಲ್. ಪಿಪ್-ಟೂಲ್ಸ್, ಪೊಯೆಟ್ರಿ, ಯುವಿ ಮೂರೂ ಇದನ್ನು ಮಾಡುತ್ತವೆ. ಬರೀ ಪಿಪ್ ಬಳಸುವವರು ಫ್ರೀಜ್ ಫೈಲಿನಿಂದ ಹೇಗೋ ಮಾಡಿಕೊಳ್ಳಬೇಕು.

ಪಿಪ್-ಟೂಲ್ಸ್‌ನಲ್ಲಿ ನನಗೆ ತುಂಬಾ ಹಿಡಿಸುವುದು ಒಂದೇ ಪ್ಯಾಕೇಜನ್ನು ಹೆಸರು ಹಿಡಿದು ಮೇಲೇರಿಸುವ ಅನುಕೂಲ. ಉಳಿದದ್ದು ಇದ್ದಲ್ಲೇ ಇರುತ್ತದೆ, ಗಿಟ್‌ನಲ್ಲಿ ನೋಡಿದರೆ ಬದಲಾದ ಎರಡು ಮೂರು ಸಾಲು ಕಣ್ಣಿಗೆ ಕಾಣುತ್ತವೆ. ಬೇಕಿದ್ದರೆ ಪ್ರತಿ ಪ್ಯಾಕೇಜಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಕೂಡ ಸೇರಿಸಬಹುದು, ಆಗ ಅದೇ ಆವೃತ್ತಿ ಸಂಖ್ಯೆಯಲ್ಲಿ ಬೇರೆ ಫೈಲ್ ಬಂದರೆ ಪಿಪ್ ಒಪ್ಪುವುದಿಲ್ಲ. ಕೊರತೆ ಎಂದರೆ ಒಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಪಟ್ಟಿ ಬೇರೆ ಆಪರೇಟಿಂಗ್ ಸಿಸ್ಟಂಗೆ ಹೊಂದದೇ ಇರಬಹುದು. ತಂಡದಲ್ಲಿ ಒಬ್ಬರದು ವಿಂಡೋಸ್, ಒಬ್ಬರದು ಮ್ಯಾಕ್, ಸರ್ವರ್ ಲಿನಕ್ಸ್ ಎಂದಿದ್ದರೆ ಕಿರಿಕಿರಿ ಆಗುತ್ತದೆ.

ಪೊಯೆಟ್ರಿ

ಪ್ರಾಜೆಕ್ಟಿನ ಪ್ಯಾಕೇಜುಗಳನ್ನೂ ಲಾಕ್ ಫೈಲನ್ನೂ ನೋಡಿಕೊಳ್ಳುವ ಈ ಉಪಕರಣ 2018ರಿಂದ ಇದೆ, ಈಗಾಗಲೇ ಬಳಸುತ್ತಿರುವವರು ಬಿಡಬೇಕಾದ ಕಾರಣ ಏನೂ ಇಲ್ಲ. ಲಾಕ್ ಫೈಲ್ ಎಲ್ಲ ಆಪರೇಟಿಂಗ್ ಸಿಸ್ಟಂಗೂ ಹೊಂದುತ್ತದೆ. ಪೊಯೆಟ್ರಿಯಲ್ಲಿ ಅಪ್‌ಡೇಟ್ ಎಂದರೆ ನೀವು ಬರೆದ ಮಿತಿಯೊಳಗಿನ ಅಪ್‌ಡೇಟ್ ಮಾತ್ರ. ಪ್ಯಾಕೇಜ್ ಸೇರಿಸುವಾಗ ಅದು ತಾನಾಗಿ ಮೇಲಿನ ಮಿತಿ ಹಾಕುತ್ತದೆ. 2.2 ಇದ್ದರೆ 3.0 ಒಳಗೆ ಬರುವುದಿಲ್ಲ. ಹಾಗಾಗಿ 'ಪೊಯೆಟ್ರಿ ಅಪ್‌ಡೇಟ್ ಮಾಡಿದೆ, ಆದರೂ ಹೊಸದು ಬರಲಿಲ್ಲ' ಎಂದು ಕೆಲವರು ಗೊಂದಲ ಪಡುತ್ತಾರೆ. ದೊಡ್ಡ ಆವೃತ್ತಿಗೆ ಹೋಗಬೇಕಾದರೆ ಮಿತಿಯನ್ನು ನೀವೇ ಬದಲಿಸಬೇಕು. ಇದು ಒಳ್ಳೆಯದೇ, ದೊಡ್ಡ ಜಿಗಿತ ಆಕಸ್ಮಿಕವಾಗಿ ಆಗಬಾರದು.

ಆದರೆ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಮೊದಲ ಅಂಕಿ ಬದಲಾದರೆ ಮಾತ್ರ ಹಳೆಯ ಕೋಡ್ ಮುರಿಯುತ್ತದೆ ಎನ್ನುವುದು ಬರೆದವರು ಕೊಡುವ ಮಾತು ಅಷ್ಟೇ. ಎಲ್ಲ ಪ್ಯಾಕೇಜುಗಳೂ ಆ ಮಾತನ್ನು ಕೊಟ್ಟಿಲ್ಲ, ಕೊಟ್ಟವರಿಗೂ ಪ್ರತಿ ಸಲ ಉಳಿಸಿಕೊಳ್ಳಲು ಆಗುವುದಿಲ್ಲ. ಪೈಥಾನ್ ಭಾಷೆಯನ್ನೇ ನೋಡಿ. 3.11ರಿಂದ 3.12ಕ್ಕೆ ಬಂದಾಗ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು, ಮೊದಲ ಅಂಕಿ ಮೂರೇ ಇತ್ತು.

ಯುವಿ: ಹೊಸದಾಗಿ ಶುರು ಮಾಡುವವರಿಗೆ

ಆಸ್ಟ್ರಲ್ ಎಂಬ ಕಂಪನಿ 2024ರ ಫೆಬ್ರವರಿಯಲ್ಲಿ, ಪ್ಯಾಕೇಜನ್ನೂ ಎನ್ವಿರಾನ್‌ಮೆಂಟನ್ನೂ ನೋಡಿಕೊಳ್ಳುವ ಈ ಉಪಕರಣವನ್ನು ಹೊರತಂದಿತು. ರಸ್ಟ್ ಭಾಷೆಯಲ್ಲಿ ಬರೆದಿದ್ದಾರೆ, ವೇಗ ಜಾಸ್ತಿ. ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಅಪ್‌ಡೇಟ್ ವಿಷಯದಲ್ಲಿ ವೇಗದಿಂದ ನಿಜವಾಗಿ ಏನು ಬದಲಾಯಿತು ಎಂದು ಹೇಳುತ್ತೇನೆ. ಮೊದಲು ಹೊಸ ಎನ್ವಿರಾನ್‌ಮೆಂಟ್ ಕಟ್ಟುವುದೆಂದರೆ ಟೀ ಕುಡಿದು ಬರುವಷ್ಟು ಹೊತ್ತು. ಅದಕ್ಕೇ ನಾವೆಲ್ಲ ಇದ್ದ ಎನ್ವಿರಾನ್‌ಮೆಂಟಿನ ಮೇಲೇ ಅಪ್‌ಡೇಟ್ ಮಾಡುತ್ತಿದ್ದೆವು. ಈಗ ಒಂದು ಸಲ ಇಳಿಸಿಕೊಂಡ ಪ್ಯಾಕೇಜುಗಳು ಕ್ಯಾಶ್‌ನಲ್ಲಿ (ಕಂಪ್ಯೂಟರಿನಲ್ಲೇ ಉಳಿಸಿಟ್ಟ ಪ್ರತಿಗಳಲ್ಲಿ) ಇದ್ದರೆ, ನನ್ನ ಸಾಧಾರಣ ಪ್ರಾಜೆಕ್ಟಿನ ಎನ್ವಿರಾನ್‌ಮೆಂಟ್ ಕೆಲವು ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ. ಹಾಗಾಗಿ ಹಳೆಯದನ್ನು ಮುಟ್ಟದೆ, ಪಕ್ಕದಲ್ಲೇ ಹೊಸದು ಕಟ್ಟಿ, ಟೆಸ್ಟ್ ಓಡಿಸಿ, ಸರಿಯಿದ್ದರೆ ಅತ್ತ ಹೋಗುವುದು ದಿನದ ಅಭ್ಯಾಸವೇ ಆಗಿಬಿಟ್ಟಿದೆ.

ಇದಕ್ಕೂ ಲಾಕ್ ಫೈಲ್ ಇದೆ, ಅದೂ ಎಲ್ಲ ಆಪರೇಟಿಂಗ್ ಸಿಸ್ಟಂಗೆ ಹೊಂದುವಂಥದ್ದು. ಹೆಸರು ಹಿಡಿದು ಒಂದೇ ಪ್ಯಾಕೇಜ್ ಮೇಲೇರಿಸಬಹುದು. ಹಿಂದಕ್ಕೆ ಹೋಗಬೇಕೆಂದರೆ ಗಿಟ್‌ನಿಂದ ಹಳೆಯ ಲಾಕ್ ಫೈಲ್ ತಂದು ಸಿಂಕ್ ಮಾಡಿದರಾಯಿತು. ಪೈಥಾನನ್ನೂ ಅದೇ ಇಳಿಸಿಕೊಡುತ್ತದೆ. ಪಿಪ್-ಟೂಲ್ಸ್ ಮಾಡುವ ಕೆಲಸವನ್ನೂ ಮಾಡುವುದರಿಂದ ಹಳೆಯ ಫೈಲುಗಳನ್ನು ಹಾಗೇ ಇಟ್ಟುಕೊಂಡು ಇದಕ್ಕೆ ಬರಬಹುದು.

ಇನ್ನೊಂದು ಅನುಕೂಲ ಇದೆ. 'ಇಂಥ ದಿನಾಂಕದ ನಂತರ ಬಂದ ಯಾವ ಆವೃತ್ತಿಯನ್ನೂ ತೆಗೆದುಕೊಳ್ಳಬೇಡ' ಎಂದು ಯುವಿಗೆ ಹೇಳಬಹುದು. ಇದು ಯಾಕೆ ಬೇಕು ಎಂಬುದಕ್ಕೆ ಮುಂದೆ ಬರುತ್ತೇನೆ.

ಇವತ್ತು ಹೊಸ ಪ್ರಾಜೆಕ್ಟ್ ಶುರು ಮಾಡುವವರು ಯಾವುದು ಎಂದು ಕೇಳಿದರೆ ಎರಡನೇ ಯೋಚನೆ ಇಲ್ಲದೆ ಯುವಿ ಎನ್ನುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಹಿಂದೆ ಇರುವುದು ಒಂದೇ ಕಂಪನಿ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಪಿಪ್ ಓದಬಲ್ಲ ಸಾದಾ ಪಟ್ಟಿಯನ್ನೂ ಆಗಾಗ ಹೊರತೆಗೆದು ಇಟ್ಟುಕೊಳ್ಳಿ. ಅದಕ್ಕೂ ಯುವಿಯಲ್ಲೇ ಆದೇಶ ಇದೆ.

ಕೊಂಡಾ: ಬೇಕಾದವರಿಗೆ ಬೇಕೇ ಬೇಕು

ನಕ್ಷೆ, ಉಪಗ್ರಹ ಚಿತ್ರಗಳ ಜೊತೆ ಕೆಲಸ ಮಾಡುವವರಿಗೆ ಜಿಡಾಲ್ ಎಂಬ ಹೆಸರು ಕೇಳಿದರೆ ಸಾಕು, ಅದನ್ನು ಪಿಪ್‌ನಿಂದ ಕೂರಿಸಲು ಪಟ್ಟ ಕಷ್ಟ ನೆನಪಾಗುತ್ತದೆ. ಅದು ಪೈಥಾನ್ ಅಲ್ಲದ, ಸಿ++ನಲ್ಲಿ ಬರೆದ ಲೈಬ್ರರಿ. ಕೊಂಡಾ ಇಂಥವನ್ನೂ ತಾನೇ ತಂದು ಕೂರಿಸುತ್ತದೆ. ಆರ್ ಭಾಷೆ, ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಕುಡಾ ಲೈಬ್ರರಿಗಳು ಎಲ್ಲ ಒಂದೇ ಎನ್ವಿರಾನ್‌ಮೆಂಟಿನಲ್ಲಿ ಇರಬಹುದು. ನಿಮ್ಮ ಕೆಲಸ ಆ ಬಗೆಯದಾದರೆ ಕೊಂಡಾ ಬಿಡಬೇಡಿ. ಬರೀ ವೆಬ್ ಆ್ಯಪ್, ಸ್ಕ್ರಿಪ್ಟ್ ಆದರೆ ಸುಮ್ನೆ ಭಾರ.

ನಾನು ಮೊದಲು ಕೇಳುವ ಪ್ರಶ್ನೆಗೆ ಕೊಂಡಾದ ಉತ್ತರ ಚೆನ್ನಾಗಿದೆ. ಅದು ಪ್ರತಿ ಬದಲಾವಣೆಗೂ ಒಂದು ಸಂಖ್ಯೆ ಕೊಟ್ಟು ಇಟ್ಟುಕೊಂಡಿರುತ್ತದೆ. ಕೊಂಡಾ ಲಿಸ್ಟ್‌ಗೆ 'ರಿವಿಷನ್ಸ್' ಸೇರಿಸಿ ಕೇಳಿದರೆ ಯಾವ ದಿನ ಏನು ಬದಲಾಯಿತು ಎಂದು ತೋರಿಸುತ್ತದೆ, ಆ ಸಂಖ್ಯೆ ಕೊಟ್ಟರೆ ಅಲ್ಲಿಗೆ ಮರಳುತ್ತದೆ. ಆದರೆ ಅದೇ ಎನ್ವಿರಾನ್‌ಮೆಂಟಿನಲ್ಲಿ ನೀವು ಪಿಪ್‌ನಿಂದ ಹಾಕಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ಬೆರೆಸಲೇಬೇಕಾದರೆ ಕೊಂಡಾದ್ದೆಲ್ಲ ಮೊದಲು ಹಾಕಿ, ಪಿಪ್‌ನದ್ದು ಕೊನೆಯಲ್ಲಿ. ಮತ್ತೆ ಕೊಂಡಾದಿಂದ ಏನಾದರೂ ಬದಲಿಸಬೇಕಾಗಿ ಬಂದರೆ ಎನ್ವಿರಾನ್‌ಮೆಂಟನ್ನೇ ಹೊಸದಾಗಿ ಕಟ್ಟಿ. ಇದನ್ನು ಮೀರಿ ನಡೆದ ಎನ್ವಿರಾನ್‌ಮೆಂಟ್ ಒಂದು ದಿನ ಕೈಕೊಡುತ್ತದೆ, ಆಗ ಕಾರಣ ಹುಡುಕುವುದು ತುಂಬಾ ಕಷ್ಟ.

ಕಂಪನಿಯಲ್ಲಿ ಕೆಲಸ ಮಾಡುವವರು ಪರವಾನಗಿಯನ್ನೂ ನೋಡಬೇಕು. ಅನಕೊಂಡಾ ಕಂಪನಿಯ ಡೀಫಾಲ್ಟ್ ಚಾನೆಲ್ (ಕೊಂಡಾ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಜಾಗ) ಬಳಸಲು 200ಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಸಾಮಾನ್ಯವಾಗಿ ಹಣ ಕಟ್ಟಬೇಕು. ಸಮುದಾಯ ನಡೆಸುವ ಕೊಂಡಾ-ಫೋರ್ಜ್ ಚಾನೆಲ್‌ಗೆ ಆ ತೊಡಕಿಲ್ಲ. ಕೊಂಡಾವನ್ನು ಮಿನಿಫೋರ್ಜ್ ಎಂಬ ಇನ್‌ಸ್ಟಾಲರಿನಿಂದ ಹಾಕಿಕೊಂಡರೆ ಮೊದಲಿನಿಂದಲೇ ಆ ಚಾನೆಲ್ ಸಿಗುತ್ತದೆ.

ಬಂದ ದಿನವೇ ಹಾಕಬೇಕೋ, ಕಾಯಬೇಕೋ?

ಉಪಕರಣ ಯಾವುದೇ ಇರಲಿ, ಈ ಪ್ರಶ್ನೆ ಉಳಿಯುತ್ತದೆ. ನನ್ನ ಅನುಭವದಲ್ಲಿ ಉಪಕರಣದ ಆಯ್ಕೆಗಿಂತ ಇದೇ ದೊಡ್ಡದು.

ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲೈಬ್ರರಿಯಲ್ಲಿ ಗಂಭೀರ ದೋಷ ಸಿಕ್ಕಿತು. ಕೆಟ್ಟ ಉದ್ದೇಶದಿಂದ ತಯಾರಿಸಿದ ಒಂದು ಚಿತ್ರ ಸಾಕು, ಪ್ರೋಗ್ರಾಂ ಮೇಲೆ ದಾಳಿ ಮಾಡಬಹುದಿತ್ತು. ಪೈಥಾನಿನಲ್ಲಿ ಚಿತ್ರಗಳಿಗೆ ಬಳಸುವ ಪಿಲ್ಲೋ ತನ್ನೊಳಗೆ ಅದೇ ಲೈಬ್ರರಿ ಇಟ್ಟುಕೊಂಡು ಬರುತ್ತದೆ, ಅವರು ಬೇಗನೆ 10.0.1 ಬಿಡುಗಡೆ ಮಾಡಿದರು. ಜನರಿಂದ ಫೋಟೋ ತೆಗೆದುಕೊಳ್ಳುವ ಯಾವುದೇ ವೆಬ್‌ಸೈಟ್ ಅವತ್ತೇ ಅಪ್‌ಡೇಟ್ ಮಾಡಬೇಕಿತ್ತು. ಕಾಯುವ ಮಾತೇ ಇಲ್ಲ.

ಇನ್ನೊಂದು 2024ರ ಡಿಸೆಂಬರ್‌ನದ್ದು. ಚಿತ್ರದಲ್ಲಿರುವ ವಸ್ತುಗಳನ್ನು ಗುರುತಿಸಲು ತುಂಬಾ ಜನ ಬಳಸುವ ಅಲ್ಟ್ರಾಲಿಟಿಕ್ಸ್ ಪ್ಯಾಕೇಜಿನ 8.3.41 ಮತ್ತು 8.3.42ರೊಳಗೆ ದಾಳಿಕೋರರು ಕ್ರಿಪ್ಟೋ ಮೈನಿಂಗ್ ಮಾಡುವ ಕೋಡ್ ತುರುಕಿದ್ದರು. ಅವನ್ನು ಬೇಗ ತೆಗೆದುಹಾಕಿದರು. ಆದರೆ ಬಂದ ಕೂಡಲೇ ಅಪ್‌ಡೇಟ್ ಮಾಡಿದವರ ಯಂತ್ರ ಅಷ್ಟರಲ್ಲಿ ಬೇರೆಯವರಿಗಾಗಿ ದುಡಿಯುತ್ತಿತ್ತು. ಒಂದು ವಾರ ಕಾದವರಿಗೆ ಏನೂ ಆಗಲಿಲ್ಲ. ಲಾಕ್ ಫೈಲ್ ಇದ್ದವರಿಗೂ ಆಗಲಿಲ್ಲ, ಅವರ ಆವೃತ್ತಿ ತಾನಾಗಿ ಕದಲುವುದೇ ಇಲ್ಲವಲ್ಲ.

ಹಾಗಾಗಿ ನಾನು ಮಾಡುವುದು ಹೀಗೆ. ವಾರಕ್ಕೊಮ್ಮೆ ಪಿಪ್-ಆಡಿಟ್ ಓಡಿಸುತ್ತೇನೆ. ನನ್ನ ಪಟ್ಟಿಯಲ್ಲಿ ಭದ್ರತಾ ದೋಷ ಇರುವ ಆವೃತ್ತಿ ಇದ್ದರೆ ಅದು ಹೇಳುತ್ತದೆ, ಅವನ್ನು ಮಾತ್ರ ಅದೇ ದಿನ ಏರಿಸುತ್ತೇನೆ. ಉಳಿದವು ತಿಂಗಳಿಗೊಮ್ಮೆ, ಅದೂ ಬಂದು ಏಳೆಂಟು ದಿನವಾದರೂ ಆಗಿರಬೇಕು. ಯುವಿಯ ದಿನಾಂಕದ ಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಿಟ್‌ಹಬ್‌ನಲ್ಲಿ ಹೊಸ ಆವೃತ್ತಿ ಬಂದರೆ ತಾನಾಗಿ ಸೂಚಿಸುವ ಡಿಪೆಂಡಬಾಟ್ ಅಥವಾ ರೆನೊವೇಟ್ ಎಂಬ ಬಾಟ್ ಇಟ್ಟುಕೊಂಡವರು ಅವುಗಳಿಗೂ ಇಷ್ಟು ದಿನ ಕಾಯಿರಿ ಎಂದು ಹೇಳಬಹುದು. ಆದರೆ ಟೆಸ್ಟ್ ಇಲ್ಲದ ಪ್ರಾಜೆಕ್ಟಿಗೆ ಇಂಥ ಬಾಟ್ ಹಾಕಿ, ಬಂದದ್ದಕ್ಕೆಲ್ಲ ಒಪ್ಪಿಗೆ ಒತ್ತುತ್ತಾ ಹೋಗುವುದು ಅಪಾಯ. ಟೆಸ್ಟ್ ಅಂದರೆ ದೊಡ್ಡದೇನೂ ಬೇಡ. ನನ್ನ ಎಕ್ಸೆಲ್ ಸ್ಕ್ರಿಪ್ಟಿಗೆ ಈಗ ಇರುವುದು ಎರಡೇ ಹಾಳೆಯ ಒಂದು ಮಾದರಿ ಮತ್ತು ಬರಬೇಕಾದ ಮೊತ್ತ. ಮೊತ್ತ ತಾಳೆಯಾದರೆ ಸರಿ.

'ಮುಟ್ಟದೇ ಇದ್ದರೆ ಕೆಡುವುದೂ ಇಲ್ಲ' ಎನ್ನುವವರಿದ್ದಾರೆ. ಎರಡು ಮೂರು ವರ್ಷ ಮುಟ್ಟದೇ ಬಿಟ್ಟ ಪ್ರಾಜೆಕ್ಟಿಗೆ ಕೊನೆಗೊಂದು ದಿನ ಕೈ ಹಾಕಲೇಬೇಕಾಗುತ್ತದೆ. ಆಗ ಪಾಂಡಾಸ್ 2, ಎಸ್‌ಕ್ಯೂಎಲ್‌ಆಲ್ಕೆಮಿ 2, ಪೈಡ್ಯಾಂಟಿಕ್ 2, ನಂಪೈ 2 ಹೀಗೆ ತುಂಬಾ ಜನ ಬಳಸುವ ಲೈಬ್ರರಿಗಳ ದೊಡ್ಡ ಆವೃತ್ತಿಗಳೆಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಮೊದಲ ಮೂರು 2023ರಲ್ಲಿ, ನಂಪೈ 2024ರ ಜೂನ್‌ನಲ್ಲಿ ಬಂದದ್ದು. ಆಗಾಗ ಏರಿಸಿದವರು ಒಂದೊಂದನ್ನೇ ಎದುರಿಸಿದರು. ನಂಪೈಯದು ಅದರಲ್ಲೂ ಬೇರೆ ಬಗೆ. ನಿಮ್ಮ ಕೋಡ್ ಸರಿಯಿದ್ದರೂ, ನಂಪೈ 1ಕ್ಕಾಗಿ ಕಂಪೈಲ್ ಆದ ಬೇರೊಂದು ಪ್ಯಾಕೇಜ್ ನಂಪೈ 2ರ ಜೊತೆ ಓಡುವುದಿಲ್ಲ. ಅಂಥ ಎರರ್ ಕಂಡರೆ ನಿಮ್ಮ ಕೋಡಿನಲ್ಲಿ ಹುಡುಕಬೇಡಿ. ಆ ಪ್ಯಾಕೇಜಿನ ಹೊಸ ಆವೃತ್ತಿ ಇದೆಯೇ ನೋಡಿ, ಇಲ್ಲದಿದ್ದರೆ ನಂಪೈಯನ್ನು 2ಕ್ಕಿಂತ ಕೆಳಗೆ ಎಂದು ಬರೆದು ಲಾಕ್ ಮಾಡಿ.

ಒಂದು ಹಳೆಯ ಪ್ರಾಜೆಕ್ಟ್ ಇವತ್ತೇ ಕೈಗೆತ್ತಿಕೊಳ್ಳುವುದಾದರೆ

ಮೊದಲು ಫ್ರೀಜ್ ಮಾಡಿ ಕಮಿಟ್ ಮಾಡಿ, ಬೇರೆ ಏನನ್ನೂ ಮುಟ್ಟುವ ಮೊದಲು. ಆ ಪಟ್ಟಿಯಿಂದ ಬೇರೊಂದು ಫೋಲ್ಡರಿನಲ್ಲಿ ಹೊಸ ಎನ್ವಿರಾನ್‌ಮೆಂಟ್ ಕಟ್ಟಿ, ಅದರಲ್ಲಿ ಪ್ರಾಜೆಕ್ಟ್ ಓಡುತ್ತದೆಯೇ ನೋಡಿ. ಎಷ್ಟೋ ಸಲ ಇಲ್ಲೇ ಗೊತ್ತಾಗುತ್ತದೆ, ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಎಂದು. ಓಡಿದರೆ ಎಚ್ಚರಿಕೆಗಳನ್ನು ಎರರ್ ಮಾಡುವ ಆಯ್ಕೆ ಹಾಕಿ ಇನ್ನೊಮ್ಮೆ ಓಡಿಸಿ. ನಾನು ಓದದೇ ಬಿಟ್ಟ ಅಪೆಂಡ್ ಎಚ್ಚರಿಕೆಯಂಥವು ಆಗ ಒಂದೊಂದಾಗಿ ಎದುರು ಬಂದು ನಿಲ್ಲುತ್ತವೆ, ಹಳೆಯ ಆವೃತ್ತಿಯಲ್ಲೇ ಅವನ್ನು ಸರಿಪಡಿಸಿಕೊಳ್ಳಿ. ಆಮೇಲೆ ಅಪ್‌ಡೇಟ್. ಚಿಕ್ಕ ಆವೃತ್ತಿಗಳು ಎಲ್ಲ ಒಟ್ಟಿಗೆ ಆಗಬಹುದು, ದೊಡ್ಡವು ಮಾತ್ರ ಒಂದಕ್ಕೆ ಒಂದು ಕಮಿಟ್. ಪೈಥಾನ್ ಆವೃತ್ತಿಯನ್ನು ಅದೇ ದಿನ ಬದಲಿಸಬೇಡಿ, ಎರಡೂ ಒಟ್ಟಿಗೆ ಕೆಟ್ಟರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಹೊಸದು ಸರಿಯಾಗಿ ಓಡಿತು ಎಂದ ಕೂಡಲೇ ಹಳೆಯ ಎನ್ವಿರಾನ್‌ಮೆಂಟಿನ ಫೋಲ್ಡರ್ ಅಳಿಸಬೇಡಿ. ದಿನಾ ಓಡುವ ಸ್ಕ್ರಿಪ್ಟ್ ಆದರೆ ಒಂದು ವಾರ ಇಡಿ, ತಿಂಗಳಿಗೊಮ್ಮೆ ಲೆಕ್ಕ ತೆಗೆಯುವಂಥದ್ದಾದರೆ ಮುಂದಿನ ತಿಂಗಳ ಲೆಕ್ಕ ಬರುವ ತನಕ ಇಡಿ.